ಮೂವತ್ತೆರಡರ ಮನುಷ್ಯ ಮತ್ತು ಆಕಾಶದ ಗುಂಡು

ಕೆಲಸ ಮಾಡಿ ಹೆಸರು ಗಳಿಸಿದವರು ಈ ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಏನೂ ಮಾಡದೆ, ಇದ್ದ ಹಾಗೇ ಇದ್ದು ಹೆಸರು ಗಳಿಸಿದವರು ಅಪರೂಪ. ನಾನು ಆ ಅಪರೂಪದ ಗುಂಪಿಗೆ ಸೇರಿದವನು. ಸಂಕೋಚ ಬಿಟ್ಟು ಹೇಳಿಬಿಡುತ್ತೇನೆ, ನನ್ನ ಜೀವನದ ದೊಡ್ಡ ಸಾಧನೆ ನನ್ನ ಸೊಂಟ. ಅದು ಮೂವತ್ತೆರಡು ಇಂಚು. ನನ್ನ ಮದುವೆಯ ದಿನವೂ ಮೂವತ್ತೆರಡು, ಮಗಳ ಮದುವೆಯ ದಿನವೂ ಮೂವತ್ತೆರಡು. ನಡುವೆ ಸರ್ಕಾರಗಳು ಬದಲಾದವು, ಬಸ್ ಚಾರ್ಜು ಏರಿತು, ತಲೆಯ ಕೂದಲು ಇಳಿಯಿತು, ಸೊಂಟ ಮಾತ್ರ ಅಲುಗಲಿಲ್ಲ. ನನ್ನ ಹೆಂಡತಿ ಗೌರಮ್ಮ ಇದನ್ನು ಸಾಧನೆ ಎಂದು ಒಪ್ಪುವವಳಲ್ಲ. "ನಮ್ಮ ಬಾಗ್ಲ ಚೌಕಟ್ಟೂ ಮನಿ ಕಟ್ಟಿದಾಗಿಂದ ಅಷ್ಟ ಐತಿ. ಅದಕ್ಕ ಯಾರರ ಹಾರ ಹಾಕ್ತಾರೇನ್ರಿ?" ಎಂದು ಕೇಳುತ್ತಾಳೆ. ಹಬ್ಬಕ್ಕೆ ತೋರಣ ಕಟ್ಟುತ್ತೀಯಲ್ಲ ಎಂದು ಹೇಳಬೇಕೆನಿಸುತ್ತದೆ. ಆದರೆ ಅಂಥ ಹೊತ್ತಿನಲ್ಲೇ ಅವಳ ಕೈಯಲ್ಲಿ ಸೌಟು ಇರುತ್ತದೆ.

ಈ ಸೊಂಟದ ಮಹಿಮೆ ತಿಳಿಯಬೇಕಾದರೆ ನನ್ನ ಕೆಲಸ ತಿಳಿಯಬೇಕು. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಒಂದು ಯೂನಿಟ್ಟಿನಲ್ಲಿ ನಾನು ಪ್ಯಾಕಿಂಗ್ ನೋಡಿಕೊಳ್ಳುವವನು. ಪ್ಯಾಂಟು ಮಡಚುವುದು, ಬಂಡಲ್ ಕಟ್ಟಿಸುವುದು, ಊರೂರಿನ ಅಂಗಡಿಗೆ ಕಳಿಸುವುದು. ಇದಕ್ಕೆ ಯಾರೂ ನನ್ನನ್ನು ಹೊಗಳಿಲ್ಲ, ಹೊಗಳುವಂಥದ್ದೇನೂ ಅದರಲ್ಲಿಲ್ಲ. ನನ್ನ ನಿಜವಾದ ಪದವಿ ಬೇರೆ. ಹೊಸ ನಮೂನೆಯ ಪ್ಯಾಂಟು ಬಂದಾಗ ಮೊದಲ ಪೀಸನ್ನು ಹೊಲಿದು, ಒಗೆಸಿ, ಇಸ್ತ್ರಿ ಮಾಡಿಸಿ, ನಮ್ಮ ಕಟಿಂಗ್ ಮಾಸ್ಟರ್ ತಿಪ್ಪೇಸ್ವಾಮಿ ಕನ್ನಡಕ ಏರಿಸಿಕೊಂಡು ಕೂಗುತ್ತಾರೆ: "ಮೂವತ್ತೆರಡನ್ನ ಕರೀರಿ." ಮೂವತ್ತೆರಡು ಎಂದರೆ ನಾನು. ಈರಣ್ಣ ಎಂಬ ನನ್ನ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಬಟ್ಟೆಯ ಥಾನುಗಳ ಹಿಂದೆ ಹೋಗಿ ಪ್ಯಾಂಟು ಹಾಕಿಕೊಂಡು ಹೊರಗೆ ಬರುತ್ತೇನೆ. ಹೊಲಿಗೆ ಮಷಿನ್ನುಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ನಡೆಯಬೇಕು, ತಿರುಗಬೇಕು, ಬಗ್ಗಿ ನೆಲದ ಮೇಲಿನ ಗುಂಡಿ ಎತ್ತಬೇಕು, ಯೂನಿಟ್ಟಿನ ಮಾಲೀಕರಾದ ಸಾವ್ಕಾರ್ರ ಮೋಟಾರ್ ಸೈಕಲ್ಲಿನ ಮೇಲೆ ಕಾಲು ಹಾಕಿ ಇಳಿಯಬೇಕು. ಹೊಲಿಯುವ ಹೆಂಗಸರಲ್ಲಿ ಹಿರಿಯಳಾದ ಲಕ್ಷ್ಮಕ್ಕ, "ಸಿನಿಮಾದವ್ರು ನೋಡಿದ್ರ ಎತ್ತಾಕ್ಕೊಂಡ್ ಹೋಗ್ತಾರ, ಹುಷಾರ್ರಿ" ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಮಾಸ್ಟರ್ ಮಾತ್ರ ನಗುವುದಿಲ್ಲ. ನನ್ನ ಸುತ್ತ ಒಂದು ಸುತ್ತು ಬಂದು, ಸೊಂಟದ ಪಟ್ಟಿಯಲ್ಲಿ ಎರಡು ಬೆರಳು ತೂರಿಸಿ ನೋಡಿ, "ಹ್ಞೂಂ, ಹೊಡೀರಿ ಲಾಟು" ಎಂದ ಮೇಲೆಯೇ ಮಿಕ್ಕ ನೂರಾರು ಪೀಸಿಗೆ ಕತ್ತರಿ ಆಡಬೇಕು. ನನಗೆ ಸರಿಹೋದರೆ ಮೂವತ್ತೆರಡರ ಸೊಂಟದ ಲೋಕಕ್ಕೆಲ್ಲ ಸರಿಹೋಯಿತು ಎಂದು ಲೆಕ್ಕ.

ಇಷ್ಟು ದೊಡ್ಡ ಜವಾಬ್ದಾರಿ ಹೊತ್ತವನು ಎಚ್ಚರವಾಗಿರಬೇಕಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಎರಡನೆಯ ಹೋಳಿಗೆಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದವನು ನಾನು. ಮಗಳಿಗೆ ಗಂಡು ನೋಡಲು ಹೋದಾಗಲೂ ನನ್ನ ಕಣ್ಣು ಮೊದಲು ಹೋದದ್ದು ಹುಡುಗನ ಸೊಂಟಕ್ಕೆ. ಅವನೂ ಮೂವತ್ತೆರಡು. ಜಾತಕ ಆಮೇಲೆ ಕೂಡಿಬಂತು. ನಗುವವರು ನಗಲಿ, ಈ ಸೊಂಟವೊಂದು ಕೈಬಿಟ್ಟರೆ ಯೂನಿಟ್ಟಿನಲ್ಲಿ ನನ್ನನ್ನು ಕೇಳುವವರಿಲ್ಲ ಎಂಬ ಭಯ ನನಗೆ ಒಳಗೊಳಗೇ ಇತ್ತು. ಬಂಡಲ್ ಕಟ್ಟುವವರು ಓಣಿಗೊಬ್ಬರು ಸಿಗುತ್ತಾರೆ.

ಮಗಳು ಸುಮಾ ಮಡಕಶಿರದಲ್ಲಿ ಇದ್ದಾಳೆ, ಅಲ್ಲಿಯ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ. ಭಾನುವಾರ ಫೋನ್ ಮಾಡಿದರೆ ಅಮ್ಮನ ಹತ್ತಿರ ಅಡುಗೆಯ ವಿಷಯ, ನನ್ನ ಹತ್ತಿರ ಆಕಾಶದ ವಿಷಯ. ಒಂದು ಭಾನುವಾರ ಅವಳು ಹೇಳಿದ್ದು ಕೇಳಿ ನನಗೆ ರೋಮಾಂಚನವಾಯಿತು. ಉಪಗ್ರಹಗಳ ಕಾಲ ಇನ್ನೂ ಹೊಸದಾಗಿದ್ದಾಗ, ಅಮೆರಿಕದ ಮಿಲಿಟರಿಯವರು ಆಕಾಶದಲ್ಲಿ ಏನೇನು ಸುತ್ತುತ್ತಿದೆ ಎಂದು ನೋಡಲು ದೊಡ್ಡ ದೊಡ್ಡ ರಾಡಾರ್ ಕಟ್ಟಿಕೊಂಡರಂತೆ. ಕಟ್ಟಿದ ಮೇಲೆ ಅನುಮಾನ ಶುರುವಾಯಿತು. ರಾಡಾರಿಗೆ ಏನೋ ಕಾಣುತ್ತದೆ ಸರಿ, ಅದು ಆನೆಯಷ್ಟು ದೊಡ್ಡದೋ, ಅಡಿಕೆಯಷ್ಟು ಚಿಕ್ಕದೋ ಗೊತ್ತಾಗುವುದು ಹೇಗೆ? ಅದಕ್ಕೆ ಒಂದು ಲೋಹದ ಗುಂಡನ್ನು ಅಳತೆ ಮಾಡಿ ಮೇಲಕ್ಕೆ ಬಿಟ್ಟರು. ಅದರಲ್ಲಿ ಕ್ಯಾಮೆರಾ ಇಲ್ಲ, ರೇಡಿಯೋ ಇಲ್ಲ, ಒಳಗೆ ಬರೀ ಪೊಳ್ಳು. ಎತ್ತ ತಿರುಗಿದರೂ ಒಂದೇ ಥರ ಕಾಣುವುದು, ಇದ್ದಷ್ಟೇ ಇರುವುದು, ಅದರ ಕೆಲಸ ಇಷ್ಟೇ. ರಾಡಾರ್ ಅದನ್ನು ನೋಡಿ ತನ್ನ ಕಣ್ಣು ಸರಿಮಾಡಿಕೊಳ್ಳುತ್ತದೆ. ಎಷ್ಟೋ ದಶಕಗಳಾದರೂ ಅಂಥ ಗುಂಡು ಇನ್ನೂ ಮೇಲೆ ಸುತ್ತುತ್ತಿದೆಯಂತೆ.

"ಅಪ್ಪಾ, ಅದು ಥೇಟ್ ನಿನ್ನಂಗ" ಎಂದಳು ಸುಮಾ. ಇಷ್ಟು ವರ್ಷ ನನ್ನನ್ನು ಯಾರೂ ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿರಲಿಲ್ಲ. ಗೌರಮ್ಮನಿಗೆ ಹೇಳಿದರೆ ಅವಳು ಶೇಂಗಾ ಬಿಡಿಸುತ್ತಾ, "ಒಳಗ ಪೊಳ್ಳು ಅಂದ್ಲಲ್ಲ, ಅದಕ್ಕ ನಿಮ್ಮಂಗ ಅಂದಿರ್ಬೇಕು" ಎಂದಳು. ಅಂದಿನಿಂದ ಸಂಜೆ ಅಂಗಳದಲ್ಲಿ ನಿಂತು ಮೇಲೆ ನೋಡುವುದು ನನ್ನ ಅಭ್ಯಾಸವಾಯಿತು. ಗುಂಡು ಕಾಣುವುದಿಲ್ಲ ಎಂದು ಗೊತ್ತು. ಒಂದೇ ಇಲಾಖೆಯವರು ಎಂಬ ಅಭಿಮಾನ, ಅಷ್ಟೇ.

ಹೀಗಿರುವಾಗ ದಸರೆಯ ಆರ್ಡರಿಗೆ ಒಂದು ಹೊಸ ಬಟ್ಟೆ ಬಂತು. ಎಳೆದರೆ ಹಿಗ್ಗುವ ಬಟ್ಟೆ. ಮಾಸ್ಟರಿಗೆ ಅದರ ಮೇಲೆ ಮೊದಲಿಂದಲೂ ನಂಬಿಕೆ ಇಲ್ಲ. ಮೊದಲ ಪೀಸನ್ನು ನಾನು ಹಾಕಿಕೊಂಡು ಹೊರಗೆ ಬಂದರೆ, ಪ್ಯಾಂಟು ನನ್ನ ಜೊತೆ ಬರಲು ಒಪ್ಪದೆ ಕೆಳಗೆ ಇಳಿಯುತ್ತಿತ್ತು. ಎರಡು ಬೆರಳು ಹಿಡಿಯುವ ಜಾಗದಲ್ಲಿ ಮಾಸ್ಟರ್ ಇಡೀ ಕೈ ತೂರಿಸಿದರು. ನಾನು ಬಿಚ್ಚಿಕೊಟ್ಟ ಪೀಸಿಗೆ ಲಕ್ಷ್ಮಕ್ಕ ಟೇಪ್ ಹಿಡಿದು, "ಟೇಪಿನ ಪ್ರಕಾರ ಸರಿ ಐತಲ್ರಿ ಮಾಸ್ಟರ್" ಎಂದಳು. ಮಾಸ್ಟರ್ ತಲೆಯಾಡಿಸಿದರು. "ಈ ಬಟ್ಟಿ ಟೇಪಿಗೆ ಸುಳ್ಳು ಹೇಳ್ತೈತಿ. ಮನುಷ್ಯಾಗ ಹೇಳಂಗಿಲ್ಲ. ನಮ್ಮ ಮೂವತ್ತೆರಡರ ಸೊಂಟ ನೋಡು, ಟೇಪು ಒಳಗಿಡು" ಎಂದು ಹೇಳಿ, ನಮೂನೆಯ ಸೊಂಟವನ್ನು ಎರಡು ಇಂಚು ಒಳಗೆ ಹಿಡಿದರು. ಎರಡನೆಯ ಪೀಸು ನನಗೆ ಹೇಳಿ ಮಾಡಿಸಿದಂತೆ ಕೂತಿತು. ಲಾಟು ಹೊಡೆದರು, ಮೂವತ್ತೆರಡು ಎಂದು ಚೀಟಿ ಹಚ್ಚಿದರು, ನಾನೇ ಬಂಡಲ್ ಕಟ್ಟಿಸಿ ಕಳಿಸಿದೆ. ಟೇಪು ಸೋತು ನಾನು ಗೆದ್ದ ಸಂತೋಷದಲ್ಲಿ ಅವತ್ತು ಎರಡು ಸಲ ಚಹಾ ಕುಡಿದೆ.

ಈಗ ನೆನೆಸಿಕೊಂಡರೆ ಸೂಚನೆಗಳು ಎಷ್ಟೊಂದಿದ್ದವು. ನನ್ನ ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಂಡಿದ್ದೆ, ಈಗಿನ ಚರ್ಮ ಬೇಗ ಹಿಗ್ಗುತ್ತದೆ ಎಂದು ಅಂಗಡಿಯವನನ್ನು ಬೈದಿದ್ದೆ. ನನ್ನ ಅಂಗಿಗಳು ಸಡಿಲವಾದುದಕ್ಕೆ ಗೌರಮ್ಮ ಸೋಪು ಬದಲಾಯಿಸಿದ್ದಳು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದುದಕ್ಕೆ ನಮ್ಮೂರಿನ ಬಿಸಿಲು ಹೊಣೆಯಾಗಿತ್ತು. ಎಲ್ಲದಕ್ಕೂ ಒಂದೊಂದು ಕಾರಣ ಸಿದ್ಧವಿತ್ತು, ಯಾವ ಕಾರಣವೂ ನನ್ನ ಕಡೆಗೆ ಬೆರಳು ತೋರಿಸುತ್ತಿರಲಿಲ್ಲ.

ಹಬ್ಬಕ್ಕೆ ಅಳಿಯ ಮಂಜುನಾಥನಿಗೂ ಆ ಲಾಟಿನದೇ ಒಂದು ಪ್ಯಾಂಟು ಕಳಿಸಿದ್ದೆ. ಅವನು ಬಲು ಮರ್ಯಾದಸ್ಥ. ಮಾವ ಕಳಿಸಿದ ಪ್ಯಾಂಟಿನ ಗುಂಡಿ ಕೂಡದಿದ್ದರೆ ತಪ್ಪು ತನ್ನದೇ ಎಂದು ತಿಳಿದು, ಯಾರಿಗೂ ಹೇಳದೆ ಬೆಳಿಗ್ಗೆ ಎದ್ದು ಕೆರೆಯ ಕಡೆ ಓಡಲು ಶುರುಮಾಡಿದ. ಮುದ್ದೆ ಅರ್ಧಕ್ಕೆ ಇಳಿಸಿದ. ಓಡುತ್ತಾ ಓಡುತ್ತಾ ನೋಡಿದರೆ, ಏರಿಯ ಮೇಲೆ ಅವನ ಗೆಳೆಯರೂ ಓಡುತ್ತಿದ್ದರು, ಬಸ್ ಸ್ಟ್ಯಾಂಡ್ ಹತ್ತಿರ ನಮ್ಮ ಮಾಲು ಹೋಗುವ ಅಂಗಡಿಯಲ್ಲಿ ಹಬ್ಬದ ಪ್ಯಾಂಟು ಕೊಂಡವರು. ಕಡೆಗೆ ಅವನೇ ಫೋನ್ ಮಾಡಿದ. "ಮಾವ, ನಾನೊಬ್ನೇ ದಪ್ಪ ಆಗಿವ್ನಿ ಅನ್ಕಂಡಿದ್ದೆ ಕಣ್ರಿ. ನೋಡಿದ್ರೆ ನಮ್ಮೂರ್ನಾಗೆ ಎಲ್ರೂ ಒಂದೇ ಸಲ ದಪ್ಪ ಆಗವ್ರೆ."

ಸುಮಾ ಅವನ ಕೈಯಿಂದ ಫೋನ್ ಕಸಿದುಕೊಂಡಳು. "ಅಪ್ಪಾ, ಒಬ್ಬರಿಗೆ ಬಿಗಿ ಆದ್ರ ಅವರು ದಪ್ಪ ಆಗ್ಯಾರ. ಎಲ್ಲಾರಿಗೂ ಬಿಗಿ ಆದ್ರ ಪ್ಯಾಂಟು ಸಣ್ಣದು. ಪ್ಯಾಂಟು ಯಾರ ಮ್ಯಾಲ ನೋಡಿ ಹೊಲಿದ್ರಿ?"

"ನನ್ನ ಮ್ಯಾಲ."

ಅದಕ್ಕೆ ಅವಳು ಹೇಳಿದ್ದು ಇನ್ನೊಂದು ಆಕಾಶದ ಕಥೆ. ಗುಂಡಿನ ಹಾಗೆಯೇ ಅಳತೆಗೆಂದು ಒಂದು ಬಲೂನನ್ನೂ ಮೇಲೆ ಬಿಟ್ಟಿದ್ದರಂತೆ. ಅದು ಉಬ್ಬಬೇಕಾದ ಹಾಗೆ ಉಬ್ಬಲಿಲ್ಲ. ಯಾರಿಗೂ ಉಪಯೋಗಕ್ಕೆ ಬಾರದೆ, ಕಣ್ಣಿಗೂ ಬೀಳದೆ, ವರ್ಷಗಟ್ಟಲೆ ಕಳೆದುಹೋಗಿತ್ತಂತೆ. "ರಾಡಾರ್ ಸರಿ ಐತಪ್ಪ. ಆ ಬಲೂನಿನಂಗ ನೀನ ಇಳಿದಿ. ನಾಳೆನ ಡಾಕ್ಟರಿಗೆ ತೋರಿಸ್ಕೋ" ಎಂದಳು.

ಮರುದಿನ ಯೂನಿಟ್ಟಿಗೆ ಹೋದರೆ ಬಂಡಲ್ಲುಗಳು ವಾಪಸ್ ಬರಲು ಶುರುವಾಗಿದ್ದವು. ಸಾವ್ಕಾರ್ರು ಮಾಸ್ಟರನ್ನು ಎಲ್ಲರ ಮುಂದೆ ನಿಲ್ಲಿಸಿಕೊಂಡು ಕೂಗಾಡುತ್ತಿದ್ದರು. ನಾನು ಹೋಗಿ ನಡುವೆ ನಿಂತು, "ಮಾಸ್ಟರ್, ಟೇಪು ತರ್ರಿ, ನನಗ ಹಿಡೀರಿ" ಎಂದೆ. ಇಷ್ಟು ವರ್ಷಗಳಲ್ಲಿ ನನ್ನ ಸೊಂಟಕ್ಕೆ ಟೇಪು ಸುತ್ತಿದ್ದು ಅದೇ ಮೊದಲು. ಮಷಿನ್ನುಗಳು ನಿಂತವು. ಟೇಪು ಮೂವತ್ತು ಎಂದಿತು. ಅದೂ ಧಾರಾಳವಾಗಿ. ಇನ್ನು ನಾನು ಬರೀ ಬಂಡಲ್ ಕಟ್ಟುವವನು ಎಂದುಕೊಂಡು ತಲೆ ತಗ್ಗಿಸಿದೆ. ಈಗ ಮಾಸ್ಟರ್ ನನ್ನ ಮೇಲೆ ಹಾಯುತ್ತಾರೆ ಎಂದೇ ಕಾದಿದ್ದೆ. ಅವರು ಟೇಪು ಕೆಳಗೆ ಬಿಟ್ಟು ನನ್ನ ಭುಜ ಹಿಡಿದರು. "ಪ್ಯಾಂಟು ಸುಡುಗಾಡಿಗೆ ಹೋಗ್ಲಿ, ಈರಣ್ಣ. ನಿನ್ನ ಎರಡು ಇಂಚು ಎಲ್ಲಿ ಹೋದ್ವಪಾ?" ಎಂದು ಕೇಳಿದರು. ಲಕ್ಷ್ಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೂಗಾಡುತ್ತಿದ್ದ ಸಾವ್ಕಾರ್ರು ಕೂಗುವುದನ್ನು ನಿಲ್ಲಿಸಿ ಕಾರಿನ ಕೀಲಿ ತೆಗೆದರು. ಮನೆಯಿಂದ ಗೌರಮ್ಮನನ್ನೂ ಹತ್ತಿಸಿಕೊಂಡು ಬಳ್ಳಾರಿಯ ತನಕ ಅವರೇ ಕಾರು ಓಡಿಸಿದರು, ಮಾಸ್ಟರ್ ಹಿಂದೆ ಕೂತು ಅವಳಿಗೆ ಸಮಾಧಾನ ಹೇಳುತ್ತಾ ಬಂದರು.

ಸಕ್ಕರೆ ಕಾಯಿಲೆ. ಡಾಕ್ಟರು ರಿಪೋರ್ಟು ನೋಡಿ, ಕಣ್ಣು, ಕಿಡ್ನಿ ಎರಡಕ್ಕೂ ಇನ್ನೂ ಏನೂ ಆಗಿಲ್ಲ, ಹೀಗೇ ಬಿಟ್ಟಿದ್ದರೆ ಕಷ್ಟವಿತ್ತು, ಸರಿಯಾದ ಹೊತ್ತಿಗೆ ಬಂದಿದ್ದೀರಿ ಎಂದರು. ಆಮೇಲೆ, "ಏನ್ ನೋಡಿ ಅನುಮಾನ ಬಂತ್ರಿ?" ಎಂದು ಕೇಳಿದರು.

"ಪ್ಯಾಂಟು ನೋಡಿರಿ" ಎಂದರು ಮಾಸ್ಟರ್.

ಡಾಕ್ಟರು ನನ್ನ ಪ್ಯಾಂಟು ನೋಡಿದರು. "ಇವ್ರ ಪ್ಯಾಂಟಲ್ರಿ, ಮಡಕಶಿರದವ್ರ ಪ್ಯಾಂಟು" ಎಂದು ಸಾವ್ಕಾರ್ರು ವಿವರಿಸಲು ಹೊರಟರು. ಹೊರಗೆ ರೋಗಿಗಳು ಕಾಯುತ್ತಿದ್ದುದರಿಂದ ಡಾಕ್ಟರು ಕೈಮುಗಿದು ಮಾತ್ರೆ ಬರೆದುಕೊಟ್ಟರು.

ಈಗ ಮಾತ್ರೆ, ನಡಿಗೆ, ಪಥ್ಯ ನಡೆದಿದೆ, ನಾನು ಚೆನ್ನಾಗಿದ್ದೇನೆ. ಹೋದ ಎರಡು ಇಂಚಿನ ಹಿಂದೆ ಬೀಳಬೇಡಿ, ಇರುವುದನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಮೂವತ್ತೆರಡಕ್ಕೆ ಬೇರೆ ಮನುಷ್ಯ ಸಿಕ್ಕಿದ್ದಾನೆ. "ಮೂವತ್ತಕ್ಕೂ ಒಬ್ಬ ಬೇಕಲ್ಲ, ನೀ ಎಲ್ಲಿ ಹೊಂಟಿ?" ಎಂದು ಮಾಸ್ಟರ್ ನನ್ನನ್ನು ಬಿಡಲಿಲ್ಲ. ಈಗ ಮೊದಲು ನನಗೆ ಟೇಪು, ಆಮೇಲೆ ಪ್ಯಾಂಟು. ವಾಪಸ್ ಬಂದ ಲಾಟಿಗೆ ಮೂವತ್ತು ಎಂದು ಹೊಸ ಚೀಟಿ ಹಚ್ಚಿ ಮತ್ತೆ ಕಳಿಸಿದೆವು. ಮಧ್ಯಾಹ್ನ ಊಟಕ್ಕೆ ಕೂತಾಗ ಲಕ್ಷ್ಮಕ್ಕ ನನ್ನ ಡಬ್ಬಿ ತೆರೆದು ಪರೀಕ್ಷೆ ಮಾಡಿ, ಅನ್ನ ಜಾಸ್ತಿ ಕಂಡರೆ ತೆಗೆದು ತನ್ನ ಪಲ್ಯ ಹಾಕುತ್ತಾಳೆ. ನನ್ನ ಜೀವ ಉಳಿಸಿದವರನ್ನು ನೆನೆಯಲು ಕೂತರೆ ಯಾರನ್ನು ಬಿಡಲಿ? ಟೇಪಿಗಿಂತ ನನ್ನನ್ನು ನಂಬಿದ ಮಾಸ್ಟರನ್ನೇ, ಆಕಾಶ ನೋಡಿ ಅಪ್ಪನ ಕಾಯಿಲೆ ಹೇಳಿದ ಮಗಳನ್ನೇ? ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡ ಮಡಕಶಿರದ ಆ ಅಪರಿಚಿತರಿಗೂ ನಾನು ಋಣಿ. ಅವರು ಓಡುವುದನ್ನು ಇನ್ನೂ ಬಿಟ್ಟಿಲ್ಲವಂತೆ, ಅವರಿಗೂ ಒಳ್ಳೆಯದಾಗಲಿ.

ಮೊನ್ನೆ ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ನಡುವಯಸ್ಸಿನ ಸಣಕಲು ಮನುಷ್ಯ ಅದೇ ಲಾಟಿನ ಪ್ಯಾಂಟು ಹಾಕಿದ್ದ. ನನಗೆ ದೇವರನ್ನು ಕಂಡಂತಾಗಿ ಅವನ ಸೊಂಟವನ್ನೇ ನೋಡುತ್ತಾ ನಿಂತುಬಿಟ್ಟೆ. ಅವನಿಗೆ ಇರಿಸುಮುರುಸಾಯಿತು. "ಯಾಕ್ರಿ ಯಜಮಾನ್ರ, ಏನ್ ನೋಡಾಕತ್ತೀರಿ?" ಎಂದ.

"ಅಳತಿ ಸರಿ ಐತೇನ್ರಿ?" ಎಂದು ಕೇಳಿದೆ.

"ಅಡ್ಡಾಡಾಕ ಸರಿ ಐತ್ರಿ. ಕುಂತ್ರ ಹಿಡಿತೈತಿ."

"ಹಂಗಾರ ಕುಂದ್ರಬ್ಯಾಡ್ರಿ, ಅಡ್ಡಾಡ್ರಿ" ಎಂದೆ. "ಡಾಕ್ಟ್ರು ನನಗೂ ಅದನ್ನ ಹೇಳ್ಯಾರ."