ಡ್ರಮ್ಸ್ ಅಗಲವಾಯಿತು, ಬೀರು ತೆರೆಯಿತು

"ಈ ಭಾನುವಾರದೊಳಗೆ ನಿನ್ನ ತಮ್ಮನ ಡ್ರಮ್ಸನ್ನ ಈ ಗೋಡೆಯಿಂದ ಆ ಗೋಡೆ ತನಕ ಅಗಲ ಮಾಡ್ದೇ ಇದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ" ಎಂದು ನಾನು ಹೆಂಡತಿಯ ಮುಂದೆ ಘೋಷಿಸಿದೆ.

"ಈಗಾಗ್ಲೇ ಅದು ಈ ಗೋಡೆಯಿಂದ ಆ ಗೋಡೆ ತನಕಾನೇ ಇದೆಯಲ್ರೀ" ಎಂದಳು ಅವಳು, ಮಡಿಸಿದ ಬಟ್ಟೆಗಳನ್ನು ಎದೆಗವಚಿಕೊಂಡು ಮಂಚದ ಮೇಲಿಂದ ದಾಟುತ್ತಾ.

ಅವಳು ಹೇಳಿದ್ದು ವಾದ್ಯದ ಬಗ್ಗೆ, ನಾನು ಹೇಳಿದ್ದು ರೆಕಾರ್ಡಿಂಗಿನಲ್ಲಿ ಅದರ ಸದ್ದು ಹರಡುವ ಬಗ್ಗೆ. ಆದರೆ ಅವಳ ಮಾತಿನಲ್ಲೂ ಸುಳ್ಳಿರಲಿಲ್ಲ. ನಮ್ಮ ಮಲಗುವ ಕೋಣೆಯಲ್ಲಿ ಮಂಚಕ್ಕೂ ಬೀರುವಿಗೂ ನಡುವೆ ಭಾಮೈದನ ಡ್ರಮ್ಸ್ ಬೀಡುಬಿಟ್ಟು ವರ್ಷವಾಗಿತ್ತು. ಬೀರುವಿನ ಬಾಗಿಲು ಒಂದು ಗೇಣು ತೆರೆದರೆ ದೊಡ್ಡ ಡ್ರಮ್ಮಿಗೆ ತಾಗಿ ನಿಲ್ಲುತ್ತಿತ್ತು. ಕೈ ತೂರಿಸಿದಾಗ ಸಿಕ್ಕಿದ್ದೇ ಆ ದಿನದ ಶರ್ಟು. ನನ್ನ ಅದೃಷ್ಟಕ್ಕೆ ಯಾವಾಗಲೂ ಕಾಫಿ ಬಣ್ಣದ್ದೇ ಸಿಗುತ್ತಿತ್ತು. "ಏನ್ಸಾರ್, ಯೂನಿಫಾರ್ಮ್ ಮಾಡ್ಕೊಂಡ್ರಾ?" ಎಂದು ಆಫೀಸಿನ ಜವಾನನೂ ಕೇಳಿಬಿಟ್ಟಿದ್ದ.

ಭಾಮೈದ ಹಲ್ಲಿನ ಡಾಕ್ಟರು. ಹಗಲು ಹಲ್ಲು ಕೀಳುತ್ತಾನೆ, ಸಂಜೆ ಡ್ರಮ್ಸ್ ಬಡಿಯುತ್ತಾನೆ. ಎರಡೂ ಕಡೆ ಎದುರಿಗಿದ್ದವರು ಬಾಯಿ ತೆರೆಯಬಹುದು, ಮಾತಾಡುವ ಹಾಗಿಲ್ಲ. ಇವನ ಅಪ್ಪ, ಅಂದರೆ ನನ್ನ ಮಾವ, ನಿವೃತ್ತ ಗ್ರಂಥಪಾಲಕರು. ಬದುಕಿಡೀ ಜನರಿಗೆ "ಶ್" ಅಂದು ಸಂಬಳ ತೆಗೆದುಕೊಂಡವರು. ಅಂಥವರ ಮನೆಯಲ್ಲಿ ಡ್ರಮ್ಸ್ ಎಷ್ಟು ದಿನ ಬಾಳೀತು? ಹೊರಗೆ ಹಾಕಿಸಿಕೊಂಡು ನೇರ ನಮ್ಮಲ್ಲಿಗೆ ಬಂತು. ನಾನು ಹಗಲು ವಿಮಾ ಕಚೇರಿಯ ಗುಮಾಸ್ತ, ಸಂಜೆ ಅದೇ ಕೋಣೆಯ ಮೂಲೆಯಲ್ಲಿ ಕಂಪ್ಯೂಟರು, ಎರಡು ಸ್ಪೀಕರು ಇಟ್ಟುಕೊಂಡ ಧ್ವನಿ ತಂತ್ರಜ್ಞ. ಮೊದಲನೆಯದರಿಂದ ದುಡ್ಡು ಬರುತ್ತದೆ, ಎರಡನೆಯದರಿಂದ ಹೋಗುತ್ತದೆ.

ಹೀಗಿರುವಾಗ ಮಾವನವರು ಒಂದು ದಿನ ಏನನ್ನಿಸಿತೋ, ಮಗನಿಗೆ ಮಾತು ಕೊಟ್ಟರು. "ಒಂದೇ ಒಂದು ಹಾಡು ಕೇಳ್ತೀನಿ. ನನ್ನ ಕಿವಿಗೆ ಹಿತವಾಗಿದ್ರೆ ಮಹಡಿ ಕೋಣೆ ಬಿಟ್ಕೊಡ್ತೀನಿ."

ಭಾಮೈದನಿಗೆ ಬೇಕಿದ್ದದ್ದು ಕೋಣೆಯಲ್ಲ. ಅಪ್ಪನ ಬಾಯಲ್ಲಿ ಒಂದು "ಪರವಾಗಿಲ್ಲ". ಚಿಕ್ಕಂದಿನಿಂದ ಅದೊಂದಕ್ಕೆ ಕಾದಿದ್ದ, ಪಾಪ. ನನಗೆ ಬೇಕಿದ್ದದ್ದು ಬೀರುವಿನ ಆಳದಲ್ಲೆಲ್ಲೋ ಇದ್ದ ನನ್ನ ನೀಲಿ ಶರ್ಟು.

ಹಾಡನ್ನು ನಮ್ಮ ಕೋಣೆಯಲ್ಲೇ ರೆಕಾರ್ಡ್ ಮಾಡಿದ್ದೆವು. ಭಾಮೈದನ ಗೆಳೆಯನ ಗಿಟಾರು, ಆ ಗೆಳೆಯನ ತಂಗಿಯ ಹಾಡು ಚೆನ್ನಾಗಿಯೇ ಬಂದಿದ್ದವು. ಡ್ರಮ್ಸ್ ಮಾತ್ರ ಬೀರುವಿನೊಳಗೆ ಕೂತು ಬಾರಿಸಿದಂತಿತ್ತು. ಮೊದಲು ಕಂಪ್ಯೂಟರಿನಲ್ಲಿ ಒಂದೊಂದು ಡ್ರಮ್ಮಿನ ಸದ್ದನ್ನು ಎಡಕ್ಕೊಂದು ಬಲಕ್ಕೊಂದು ಸರಿಸಿ ನೋಡಿದೆ. ಭಾಮೈದನ ಎಡಗೈ ಅಡುಗೆಮನೆಯಲ್ಲಿ, ಬಲಗೈ ಬೀದಿಯಲ್ಲಿ ಇದ್ದಂತೆ ಕೇಳಿಸಿತು. ಅಷ್ಟಾದರೂ ನನಗೆ ತೃಪ್ತಿಯಾಗಲಿಲ್ಲ.

ಆಗ ಹೊಳೆಯಿತು ನೋಡಿ ಬ್ರಹ್ಮವಿದ್ಯೆ! ಇಡೀ ಡ್ರಮ್ಸಿನ ಸದ್ದಿಗೆ ಎರಡು ಪ್ರತಿ ಮಾಡಿದೆ. ಒಂದನ್ನು ಎಡ ಸ್ಪೀಕರಿಗೆ ಕಳಿಸಿದೆ. ಇನ್ನೊಂದರ ಅಲೆಯನ್ನು ತಲೆಕೆಳಗು ಮಾಡಿ ಬಲ ಸ್ಪೀಕರಿಗೆ ಕಳಿಸಿದೆ. ಅದಕ್ಕೆ ಕಂಪ್ಯೂಟರಿನಲ್ಲಿ ಒಂದೇ ಗುಂಡಿ. ಒತ್ತಿದ್ದೇ ತಡ, ಸದ್ದು ಕಿವಿಯ ಹಿಂದಕ್ಕೂ ಹೋಗಿ ನಿಂತಿತು. ಕೋಣೆ ಹೋಗಿ ಸಭಾಂಗಣವಾಯಿತು.

ಭಾಮೈದನನ್ನು ಕರೆಸಿ ಎರಡು ಸ್ಪೀಕರುಗಳ ನಡುವೆ ಕೂರಿಸಿದೆ. ಕೇಳಿ ಮುಗಿಸಿದವನು ಕಣ್ಣೊರೆಸಿಕೊಂಡು "ಭಾವ, ಇದು ನಾನೇನಾ?" ಎಂದ. ನಾನು ಗಂಭೀರವಾಗಿ ತಲೆಯಾಡಿಸಿದೆ.

ಹೆಂಡತಿ ಅದೇ ಹಾಡನ್ನು ತನ್ನ ಫೋನಿಗೆ ಹಾಕಿಸಿಕೊಂಡು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಸೌಟು ಹಿಡಿದುಕೊಂಡೇ ಬಂದಳು.

"ರೀ, ಇದರಲ್ಲಿ ನನ್ನ ತಮ್ಮ ಎಲ್ಲಿ?"

"ಅಷ್ಟು ಅಗಲದ ಡ್ರಮ್ಸು ನಿನ್ನ ಫೋನಿನಲ್ಲಿ ಎಲ್ಲಿ ಹಿಡಿಸುತ್ತೆ? ಅದಕ್ಕೊಂದು ಯೋಗ್ಯತೆ ಬೇಕು."

"ಯಾರಿಗೆ, ಫೋನಿಗಾ?"

ನಾನು ಸ್ಪೀಕರುಗಳ ಕಡೆ ತಿರುಗಿ ಕೂತೆ. ದೊಡ್ಡ ಕಲಾವಿದರು ಸಣ್ಣ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ.

ಭಾನುವಾರ ಮಾವನವರ ಮನೆಗೆ ಹೋದೆವು. ಹಾಡು ಹಾಕುವ ಯಂತ್ರ ಎಲ್ಲಿದೆ ಎಂದೆ. ಪುಸ್ತಕಗಳ ನಡುವೆ ಅಡಗಿದ್ದ ಮರದ ಪೆಟ್ಟಿಗೆಯನ್ನು ತೋರಿಸಿದರು. ಹಳೆಯದು. ಅದರಲ್ಲಿ ಇದ್ದದ್ದು ಒಂದೇ ಸ್ಪೀಕರು.

ಒಂದೇ! ನನ್ನ ಬ್ರಹ್ಮವಿದ್ಯೆಗೆ ಬೇಕಿದ್ದದ್ದು ಎರಡು. ಎಡದ್ದು ಮುಂದಕ್ಕೆ ತಳ್ಳುವಾಗ ತಲೆಕೆಳಗಾದ ಬಲದ್ದು ಅಷ್ಟೇ ಜೋರಾಗಿ ಹಿಂದಕ್ಕೆ ಎಳೆಯುತ್ತದೆ. ಎರಡು ಸ್ಪೀಕರು ದೂರ ದೂರ ಇದ್ದರೆ ಅದೇ ಅಗಲ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಬೆರೆಸಿದರೆ ಕೂಡಿ ಕಳೆದು ಸೊನ್ನೆ. ಅವಳ ಫೋನಿನಲ್ಲೂ ಇದ್ದದ್ದು ಒಂದೇ ಸ್ಪೀಕರು; ಸೌಟು ಹಿಡಿದು ಬಂದವಳು ಕೇಳಿದ್ದ ಪ್ರಶ್ನೆಯ ಅರ್ಥ ನನಗೆ ಆಗ ತಿಳಿಯಿತು. ಅಷ್ಟರಲ್ಲಿ ಭಾಮೈದ ತನ್ನ ಫೋನನ್ನು ಅದಕ್ಕೆ ಸಿಕ್ಕಿಸಿ, ಮಾವ ಗುಂಡಿ ಒತ್ತಿಯಾಗಿತ್ತು.

ಹಾಡು ಶುರುವಾಗುವುದೇ ಬರೀ ಡ್ರಮ್ಸಿನಿಂದ. ಭಾಮೈದ ಬೆರಳುಗಳಿಂದ ತೊಡೆ ತಟ್ಟುತ್ತಾ ಮುಂದಕ್ಕೆ ಬಾಗಿದ. ಪೆಟ್ಟಿಗೆಯಿಂದ ಏನೂ ಬರಲಿಲ್ಲ. ಅವನ ಬೆರಳು ನಿಧಾನವಾಗಿ ನಿಂತಿತು.

"ಶುರುವಾಯ್ತಾ?" ಎಂದರು ಮಾವ.

"ಆಗಿದೆ ಮಾವ" ಎಂದೆ.

"ಒಳ್ಳೆ ಆರಂಭ" ಎಂದು ಅವರು ಕಣ್ಣು ಮುಚ್ಚಿದರು.

ಗಿಟಾರು ಬಂತು, ಹುಡುಗಿ ಹಾಡಿದಳು. ನಡುವೆ ಭಾಮೈದ ಬೆವರು ಸುರಿಸಿ ಒಬ್ಬನೇ ಬಾರಿಸಿದ್ದ ಭಾಗ ಬಂತು. ಗೋಡೆ ಗಡಿಯಾರದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಮಾವ ಮೆಲ್ಲಗೆ ತಲೆದೂಗಿದರು. ಭಾಮೈದ ನನ್ನ ಕಿವಿಯ ಹತ್ತಿರ ಬಂದು "ಭಾವ, ನನ್ನನ್ನ ಏನ್ಮಾಡಿದ್ರಿ?" ಎಂದ. ಆ ದನಿ ಕೇಳಿ ನನಗೆ ನಿಜವಾಗಿಯೂ ಅಳು ಬರುವಂತಾಯಿತು. ಎದ್ದು ನಿಂತು ತಪ್ಪೊಪ್ಪಿಕೊಳ್ಳಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಹಾಡು ಮುಗಿಯಿತು. ಮಾವ ಕಣ್ಣು ತೆರೆದು ಮಗನ ಕಡೆ ತಿರುಗಿದರು.

"ನಿನ್ನ ಕೈ ಇಷ್ಟು ಮೃದು ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣಪ್ಪಾ. ಎಲ್ಲಿ ಸುಮ್ನಿರಬೇಕು ಅಂತ ತಿಳ್ಕೊಂಡಿದ್ದೀಯ. ಬಹಳ ಚೆನ್ನಾಗಿದೆ."

ಭಾಮೈದನ ಮುಖ ಒಂದು ಕ್ಷಣ ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತಿತು. ಆಮೇಲೆ ಕಿವಿವರೆಗೆ ಕೆಂಪಾಗಿ "ಥ್ಯಾಂಕ್ಸ್ ಅಪ್ಪಾ" ಎಂದ. ಮೇಜಿನ ಕೆಳಗೆ ನನ್ನ ಕಾಲನ್ನು ಬಲವಾಗಿ ತುಳಿದ. ತೆರೆದ ಬಾಯನ್ನು ನಾನು ಮುಚ್ಚಿಕೊಂಡೆ.

ಹೋಗಲಿ, ನನ್ನ ಕೆಲಸವಂತೂ ಆಯಿತು! "ಹಾಗಾದ್ರೆ ಮಾವ, ನಾಳೇನೇ ಡ್ರಮ್ಸ್ ಇಲ್ಲಿಗೆ ಸಾಗಿಸ್ಲಾ?" ಎಂದೆ.

"ಛೆ ಛೆ, ಅಂಥ ಕೆಲಸ ಮಾಡ್ಬೇಡಿ ಅಳಿಯಂದ್ರೇ. ಇಲ್ಲಿದ್ದಾಗ ಅದು ಹೇಗೆ ಕೂಗಾಡ್ತಿತ್ತು ಗೊತ್ತಲ್ಲ? ನಿಮ್ಮ ಕೋಣೇಲಿ ಪಳಗಿದೆ. ಅಲ್ಲೇ ಇರ್ಲಿ."

"ಆದ್ರೆ ಕೋಣೆ ಕೊಡ್ತೀನಿ ಅಂದಿದ್ರಲ್ಲ?"

"ಕೊಟ್ಟ ಮಾತಿಗೆ ತಪ್ಪೋನಲ್ಲ ನಾನು. ನಿಮಗೆ ಜಾಗ ಸಾಲ್ದು ಅಂತ ಮಗಳು ಹೇಳ್ತಿರ್ತಾಳೆ. ಆ ಬೀರು ತಂದು ನಮ್ಮ ಮಹಡಿ ಕೋಣೇಲಿಡಿ."

ನಾನು ಹೆಂಡತಿಯನ್ನು ನೋಡಿದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಈಗ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಬನಿಯನ್ನಿನ ಮೇಲೊಂದು ಟವೆಲ್ಲು ಹೊದ್ದು, ಎರಡು ಬೀದಿ ದಾಟಿ ಮಾವನವರ ಮನೆಗೆ ಹೋಗುತ್ತೇನೆ. ಬೀರು ಪೂರ್ತಿ ತೆರೆಯುತ್ತದೆ. ನೀಲಿ ಶರ್ಟೂ ಸಿಕ್ಕಿದೆ. ನಿನ್ನೆ ಅದರ ಗುಂಡಿ ಹಾಕಿಕೊಂಡು ಕೆಳಗಿಳಿದರೆ, ಮೆಟ್ಟಿಲ ಬುಡದಲ್ಲಿ ಮಾವನವರು ತುಟಿಗೆ ಬೆರಳಿಟ್ಟುಕೊಂಡು ನಿಂತಿದ್ದರು.

"ಶ್! ಅಳಿಯಂದ್ರೇ, ನಿಮ್ಮ ಬೀರು ಬಾಗಿಲು ಬಹಳ ಕಿರುಗುಟ್ಟುತ್ತೆ. ಡ್ರಮ್ಸನ್ನ ಅಗಲ ಮಾಡಿದ್ರಿ ಅಂತ ಮಗಳು ಹೇಳಿದ್ಲು, ಇದನ್ನೂ ಒಂದ್ಸಲ ನಿಮ್ಮ ಕಂಪ್ಯೂಟರಿನಲ್ಲಿ ಹಾಕಿ ಅಗಲ ಮಾಡಿಬಿಡಿ."