ಓಡದ ಕಾರಿನ ಒಡೆಯರು

ಗ್ರಂಥಪಾಲಕರಿಗೆ ಬಾಳಿನಲ್ಲಿ ಇದ್ದದ್ದು ಒಂದೇ ಕೊರಗು: ಅಕ್ಕನ ಗಂಡನ ಬಾಯಿ. ಆ ಬಾಯಿ ಇವರ ಮೀಸೆಯನ್ನು ಬಿಟ್ಟಿರಲಿಲ್ಲ, ಸೈಕಲ್ಲನ್ನು ಬಿಟ್ಟಿರಲಿಲ್ಲ, ಸ್ಕೂಟರನ್ನಂತೂ ಅಟ್ಟಾಡಿಸಿಕೊಂಡು ಆಡಿಕೊಂಡಿತ್ತು. ಅದನ್ನು ಮುಚ್ಚಿಸಲೆಂದೇ ಅವರು ನಿವೃತ್ತಿಯಾದ ವರ್ಷ ಕಾರು ಕೊಂಡರು. ಅಂತಿಂಥ ಕಾರಲ್ಲ. ಹಡಗಿನಷ್ಟು ಉದ್ದ, ಕಾಡಿಗೆಯಂಥ ಕಪ್ಪು, ಒಳಗೆ ಚರ್ಮದ ಸೋಫಾಗಳು. ಹದಿನೆಂಟು ವರ್ಷ ಹಳೆಯದು, ನಿಜ. ಆದರೆ ಮೊದಲ ಒಡೆಯರಾದ ಹಲ್ಲಿನ ಡಾಕ್ಟರು ಅದನ್ನು ಮನೆಯಿಂದ ಕ್ಲಿನಿಕ್ಕಿಗೆ, ಅದೂ ಮೋಡವಿಲ್ಲದ ದಿನ ಮಾತ್ರ ಓಡಿಸಿದ್ದರಂತೆ.

“ಓಡಿರೋದೇ ಕಮ್ಮಿ!” ಎಂದು ಗ್ರಂಥಪಾಲಕರು ಪೇಪರಿನವನಿಗೂ ಹೇಳಿದರು, ಪಕ್ಕದ ಮನೆಯವರಿಗೂ ಹೇಳಿದರು. “ಇನ್ನೂ ಇದೆ ಕೇಳಿ. ಎರಡು ಕೀಲಿ. ಯಾರ ಕೀಲಿ ಹಾಕಿದ್ರೆ ಅವರ ಅಳತೆಗೆ ಸೀಟು ತಾನಾಗೇ ಸರಿಯುತ್ತೆ. ಮನುಷ್ಯರಿಗೂ ಇಲ್ಲ ಇಂಥ ಜ್ಞಾಪಕ!”

ವಸ್ತು ಉಳಿಯಬೇಕಾದರೆ ಬಳಸಬಾರದು ಎಂಬುದು ಅವರ ಸಿದ್ಧಾಂತ. ಅವರ ಗ್ರಂಥಾಲಯದ ವಿಶ್ವಕೋಶದ ಹಾಳೆಗಳು ಅವರು ನಿವೃತ್ತರಾಗುವ ದಿನದವರೆಗೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. (ಹೆಂಡತಿಗೆ ಮಾತ್ರ ಈ ಸಿದ್ಧಾಂತ ಅನ್ವಯಿಸುತ್ತಿರಲಿಲ್ಲ. ಅವಳು ನಸುಕಿನಿಂದಲೇ ಬಳಕೆಯಲ್ಲಿರುತ್ತಿದ್ದಳು.)

ಕಾರು ಬಂದ ದಿನ ಮನೆ ಮುಂದಿನ ಛಾವಣಿಯ ಕೆಳಗಿದ್ದ ಅವಳ ಹೊಲಿಗೆ ಮೆಷೀನು ಅಡುಗೆಮನೆಯ ಮೂಲೆಗೆ ವರ್ಗವಾಯಿತು. ಬಟ್ಟೆ ಒಣಹಾಕುವ ತಂತಿ ಮಹಡಿ ಹತ್ತಿತು. ಆಮೇಲೆ ‘ಮೇಂಟೆನೆನ್ಸ್’ ಶುರುವಾಯಿತು. “ನಾವು ದಿನಾ ಒರೆಸ್ತೀವಿ, ಸೀಟಿಗೆ ಕ್ರೀಮು ಹಚ್ತೀವಿ” ಎಂದು ಗ್ರಂಥಪಾಲಕರು ಎಲ್ಲರಿಗೂ ಹೇಳುತ್ತಿದ್ದರು. ಒರೆಸುತ್ತಿದ್ದವಳು ಹೆಂಡತಿ. ಒರೆಸುವ ಬಟ್ಟೆ ಮಾತ್ರ ಅವರ ಹಳೇ ಬನಿಯನ್ನು. ಆ ಮಟ್ಟಿಗೆ ‘ನಾವು’ ಎನ್ನುವುದು ಸುಳ್ಳಲ್ಲ. ಅವರು ಕುರ್ಚಿಯಲ್ಲಿ ಕೂತು ಕಾಫಿ ಹೀರುತ್ತಾ “ಅಲ್ಲೊಂಚೂರು ಕಲೆ ಉಳಿದಿದೆ ನೋಡು” ಎನ್ನುತ್ತಿದ್ದರು. ಚರ್ಮದ ಸೀಟಿಗೆಂದು ತಂದ ದುಬಾರಿ ಕ್ರೀಮು ಅವಳ ಒಡೆದ ಹಿಮ್ಮಡಿಯನ್ನು ಒಮ್ಮೆಯೂ ಕಂಡಿರಲಿಲ್ಲ.

“ರೀ, ಇವತ್ತು ಅಕ್ಕಿ, ಎಣ್ಣೆ, ಆಲೂಗಡ್ಡೆ ಎಲ್ಲಾ ಮುಗಿದಿದೆ. ಕಾರಲ್ಲಿ ಹೋಗ್ಬರೋಣ್ವಾ?”

“ಆಲೂಗಡ್ಡೆಗಾ? ಈ ಕಾರಲ್ಲಾ? ಮೀಟರ್ ಏರುತ್ತಲ್ಲೇ!”

“ಏರಿದ್ರೆ ಏನಾಗುತ್ತೆ?”

“ಇಳಿಯಲ್ಲ.”

“ನೀವು ಬರ್ದಿದ್ರೆ ಬೇಡ. ನಂಗೂ ಓಡಿಸೋಕೆ ಬರುತ್ತೆ, ಲೈಸೆನ್ಸೂ ಇದೆ.”

“ಇದೆಯಲ್ಲ, ಭದ್ರವಾಗಿ ಇಟ್ಕೋ.”

ಅವಳು ಎರಡು ಚೀಲ ಹಿಡಿದು, ಹಡಗಿನ ಪಕ್ಕದಲ್ಲೇ ಹಾದು ಬಸ್‌ಸ್ಟಾಪಿಗೆ ಹೋದಳು.

ಮೆಕ್ಯಾನಿಕ್ ಮೊದಲೇ ಹೇಳಿದ್ದ: “ಸಾರ್, ನಿಲ್ಸಿಟ್ರೆ ಬ್ಯಾಟರಿ ಹೋಗುತ್ತೆ, ಇಲಿ ವೈರು ಕಡಿಯುತ್ತೆ. ವಾರಕ್ಕೊಂದ್ಸಲ ಚೆನ್ನಾಗಿ ಓಡಿಸಿ.” ಗ್ರಂಥಪಾಲಕರು ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದವಳ ಕಿವಿಯನ್ನು ಯಾರೂ ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಒಳಗೆ ಒರೆಸಲು ಬಾಗಿಲು ತೆಗೆಯಬೇಕಲ್ಲ ಎಂದು ಎರಡನೇ ಕೀಲಿಯನ್ನು ಅವಳಿಗೆ ಕೊಟ್ಟು, ತಮ್ಮ ಕೀಲಿಯನ್ನು ಅವರು ಬಲು ಗುಟ್ಟಾದ ಜಾಗದಲ್ಲಿ ಅಡಗಿಸಿಟ್ಟರು.

ತಿಂಗಳುಗಳು ಉರುಳಿದವು. ಒಂದು ದಿನ ಭಾವನ ಫೋನು ಬಂತು.

“ಏನಯ್ಯಾ, ಕಾರಿಗೆ ಮದುವೆ ಮಾಡ್ದೆ ಮನೇಲೇ ಇಟ್ಕೊಂಡಿದೀಯಂತೆ? ಅದು ಕಾರಲ್ಲ ಕಣೋ, ಕಬ್ಬಿಣದ ಬೀರು! ಭಾನುವಾರ ಬರ್ತೀವಿ. ಒಂದೇ ಸಲಕ್ಕೆ ಸ್ಟಾರ್ಟ್ ಆದ್ರೆ ಇನ್ನು ಜನ್ಮದಲ್ಲಿ ನಿನ್ನ ಆಡ್ಕೊಳಲ್ಲ. ಆಗ್ಲಿಲ್ವೋ, ಮಾರ್ಬಿಡು.”

“ಆಗ್ಲಿ ಭಾವ! ಮಾತು ಅಂದ್ರೆ ಮಾತು!” ಎಂದುಬಿಟ್ಟರು ಗ್ರಂಥಪಾಲಕರು.

ಫೋನಿಟ್ಟ ಮೇಲೆ ಬೆವರಿದರು. ಕೊನೆಯ ಸಲ ಸ್ಟಾರ್ಟ್ ಮಾಡಿದ್ದು ಯಾವಾಗ? ಗೊತ್ತಿಲ್ಲ. ಕೀಲಿ ಎಲ್ಲಿ? ಅದೂ ಗೊತ್ತಿಲ್ಲ. ಜಾಗ ಅಷ್ಟು ಗುಟ್ಟಾಗಿತ್ತು. ಹೆಂಡತಿಯ ಕೀಲಿ ಕೇಳಿ ಒಮ್ಮೆ ನೋಡಿಬಿಡೋಣವೆಂದರೆ, ಅವಳೆದುರೇ ಸ್ಟಾರ್ಟ್ ಆಗದಿದ್ದರೆ? ಭಾನುವಾರದವರೆಗೆ ಬೀರುವಿನ ಅರೆ ಅರೆಯನ್ನೂ ಜಾಲಾಡಿದರು. ಇಪ್ಪತ್ತೈದು ವರ್ಷದಿಂದ ಕಾಣದ ಕನ್ನಡಕ ಸಿಕ್ಕಿತು. ಕೀಲಿ ಸಿಗಲಿಲ್ಲ.

ಭಾನುವಾರ ಭಾವ ಬಂದು, ಸೊಂಟದ ಮೇಲೆ ಕೈಯಿಟ್ಟು ಕಾರಿನೆದುರು ನಿಂತರು. ಜೊತೆಗೆ ಅಕ್ಕ.

“ಎಲ್ಲಯ್ಯಾ ಕೀಲಿ?”

ಗ್ರಂಥಪಾಲಕರು ಜೇಬು ತಡಕಿದರು. ಇಲ್ಲದ ಜೇಬನ್ನೂ ತಡಕಿದರು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಅಡುಗೆಮನೆಯ ಮೊಳೆಯಲ್ಲಿದ್ದ ಕೀಲಿ ಕೊಟ್ಟಳು. “ಒರೆಸೋ ಕೀಲಿ ಇದೆಯಲ್ರೀ. ತಗೊಳ್ಳಿ.”

ಅವರು ಕೂತರು. ಕಣ್ಣು ಮುಚ್ಚಿದರು. ಕೀಲಿ ತಿರುಗಿಸಿದರು.

ಇಂಜಿನ್ನು ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು!

“ನೋಡಿದ್ರಾ ಭಾವ?” ಗ್ರಂಥಪಾಲಕರ ಎದೆ ಕಿಟಕಿಯಿಂದಾಚೆ ಉಬ್ಬಿತು. “ಇದಕ್ಕೆ ಹೇಳೋದು ಮೇಂಟೆನೆನ್ಸ್ ಅಂತ! ನಮ್ಮ ಕೈ ಬಿಟ್ಟು ಇನ್ನೊಬ್ಬರ ಕೈ ಮುಟ್ಟಿಲ್ಲ. ನಾವು ಇದನ್ನ...”

ಅಷ್ಟರಲ್ಲಿ ಸೀಟು ಹೊರಟಿತು. ಸದ್ದಿಲ್ಲದೆ, ಗಾಂಭೀರ್ಯದಿಂದ, ಮುಂದಕ್ಕೆ. ಸ್ಟೀರಿಂಗಿಗೂ ಹೊಟ್ಟೆಗೂ ನಡುವೆ ಇದ್ದ ಜಾಗ ಮುಗಿಯಿತು, ಆದರೂ ಸೀಟು ನಿಲ್ಲಲಿಲ್ಲ. ಹೊಟ್ಟೆ ಹಾರ್ನಿಗೆ ಒತ್ತಿಕೊಂಡಿತು. ಹಾರ್ನು ಬೀದಿಗೆಲ್ಲ ಕೇಳುವಂತೆ ಒಂದೇ ಸಮನೆ ಬಡಿದುಕೊಂಡಿತು.

“ಅಯ್ಯೋ, ಕಾರು ನಿನ್ನ ನುಂಗ್ತಿದೆಯಲ್ಲೋ!” ಎಂದು ಅಕ್ಕ ಕಿರುಚಿದಳು.

ಹೆಂಡತಿ ಬಾಗಿಲಿನಿಂದ ಕೈ ತೂರಿಸಿ, ಕಣ್ಣೆತ್ತಿಯೂ ನೋಡದೆ ಒಂದು ಗುಂಡಿ ಒತ್ತಿದಳು. ಸೀಟು ಹಿಂದೆ ಸರಿಯಿತು. ಅದರಡಿಯಿಂದ ಮೊಳಕೆಯೊಡೆದ ಒಂದು ಆಲೂಗಡ್ಡೆ ಉರುಳಿ ಬಂದು ಗ್ರಂಥಪಾಲಕರ ಪಾದದ ಬಳಿ ನಿಂತಿತು.

ಭಾವ ಬಗ್ಗಿ ನೋಡಿದರು. “ಇದು ಯಾವ ಪಾರ್ಟಯ್ಯಾ?”

ಗ್ರಂಥಪಾಲಕರು ಮೀಟರು ನೋಡಿದರು. ಮೀಟರು ಏರಿತ್ತು. ಸಣ್ಣಗಲ್ಲ.

“ಲೇ... ಯಾವಾಗಿಂದ?”

“ಗುರುವಾರ ಮಧ್ಯಾಹ್ನ ನೀವು ಊಟ ಮಾಡಿ ಮಲಗ್ತೀರಲ್ಲ, ಆಗ. ವಾರಕ್ಕೊಂದ್ಸಲ ಓಡಿಸಿ ಅಂದಿದ್ರಲ್ಲ ಮೆಕ್ಯಾನಿಕ್ಕು. ಸಾಮಾನೂ ಬರುತ್ತೆ, ಬ್ಯಾಟರೀನೂ ಉಳಿಯುತ್ತೆ.”

“ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ?”

“ಕೇಳಿದ್ನಲ್ರೀ, ಆಲೂಗಡ್ಡೆ ದಿನ. ಅಷ್ಟಕ್ಕೂ ಎರವಲು ತಾನೆ? ನೀವು ಏಳೋದ್ರೊಳಗೆ ವಾಪಸ್ ತಂದಿಟ್ಟು, ಒರೆಸಿ, ಕವರು ಹೊದಿಸ್ತಿದ್ದೆ.”

ಭಾವ ಗಂಟಲು ಸರಿಮಾಡಿಕೊಂಡರು. “ಕೊಟ್ಟ ಮಾತಿಗೆ ತಪ್ಪಲ್ಲ. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಇನ್ನು ನಿನ್ನ ಆಡ್ಕೊಳಲ್ಲ ಕಣಯ್ಯಾ. ಏನಮ್ಮಾ, ಒಂದು ರೌಂಡು ಹೋಗ್ಬರೋಣ್ವಾ?”

“ಬನ್ನಿ ಅಣ್ಣ” ಎಂದಳು ಅವಳು. ಅಕ್ಕ ಆಗಲೇ ಮುಂದಿನ ಸೀಟು ಹಿಡಿದಾಗಿತ್ತು. ಗಂಡಸರಿಬ್ಬರೂ ಹಿಂದೆ ಕೂತರು. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೋಗುತ್ತಿತ್ತು. ಇಷ್ಟು ಹಿತವಾಗಿ ಓಡುತ್ತದೆಂದು ಅದರ ಒಡೆಯರಿಗೆ ತಿಳಿದದ್ದೇ ಅವತ್ತು.

ವಾಪಸು ಬಂದಾಗ ಚಕ್ರಕ್ಕೆಲ್ಲ ಕೆಸರು. ಹೆಂಡತಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಳೇ ಬನಿಯನ್ನನ್ನು ಗಂಡನ ಕೈಗಿಟ್ಟಳು.

“ಕೆಸರು ಒಣಗೋದ್ರೊಳಗೆ ನಾವು ಒರೆಸಿಬಿಟ್ರೆ ಒಳ್ಳೇದು ಕಣ್ರೀ” ಎಂದು ಹೇಳಿ, ಅಕ್ಕನ ಜೊತೆ ನಗುತ್ತಾ ಒಳಗೆ ಹೋದಳು.

ಗ್ರಂಥಪಾಲಕರು ಕುಕ್ಕರಗಾಲಲ್ಲಿ ಕೂತು ಒರೆಸತೊಡಗಿದರು. ಭಾವ ಅವರ ಕುರ್ಚಿಯಲ್ಲಿ ಕೂತು ಕಾಫಿ ಹೀರುತ್ತಾ ಬಹಳ ಹೊತ್ತು ತಡೆದುಕೊಂಡರು. ಕೊನೆಗೆ ತಡೆಯಲಾಗಲಿಲ್ಲ.

“ಅಲ್ಲೊಂಚೂರು ಕಲೆ ಉಳಿದಿದೆ ಕಣಯ್ಯಾ.”

“ಭಾವಾ! ಆಡ್ಕೊಳಲ್ಲ ಅಂದಿದ್ರಿ!”

“ಇದು ಆಡ್ಕೊಳೋದಲ್ಲಪ್ಪಾ” ಎಂದರು ಭಾವ, ಲೋಟ ಕೆಳಗಿಡುತ್ತಾ. “ಮೇಂಟೆನೆನ್ಸ್.”