ಡೋನಟ್ ಅಂಗಡಿ ಕೊಳ್ಳಲು ಹೊರಟವನ ಕಥೆ

ನಮ್ಮ ವಂಶದಲ್ಲಿ ಯಾರಿಗೂ ಮಾರುವ ವಿದ್ಯೆ ಒಲಿದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಡಾಕ್ಟರ ಮುಂದೆ ಮನೆತನದ ಕಾಯಿಲೆ ಹೇಳಿಕೊಳ್ಳುವ ಹಾಗೆ ಹೇಳುತ್ತಿದ್ದೇನೆ. ನಮ್ಮಪ್ಪ ಮೈಸೂರಿನಲ್ಲಿ ಒಮ್ಮೆ ತಮ್ಮ ಹಳೆಯ ಸ್ಕೂಟರ್ ಮಾರಲು ಹೊರಟರು. ನೋಡಲು ಬಂದವರಿಗೆ ಮೊದಲು ಉಪ್ಪಿಟ್ಟು, ಆಮೇಲೆ ಕಾಫಿ. ಕಾಫಿಯ ನಡುವೆ ಆ ಮನುಷ್ಯನ ಭಾವ ಅಪ್ಪನ ಜೊತೆ ಓದಿದವರು ಎಂದು ಗೊತ್ತಾಯಿತು. ಅಲ್ಲಿಗೆ ಮುಗಿಯಿತು. ಅಪ್ಪ ತಾವೇ ಬೆಲೆ ಇಳಿಸುತ್ತ ಹೋದರು, ಆತ ಸಂಕೋಚದಿಂದ ಏರಿಸುತ್ತ ಬಂದ. ಕೊನೆಗೆ ಟ್ಯಾಂಕ್ ತುಂಬ ಪೆಟ್ರೋಲು, ಹೆಲ್ಮೆಟ್ಟು ಮತ್ತು ಹಿತ್ತಲಿನ ಎರಡು ತೆಂಗಿನಕಾಯಿಯ ಸಮೇತ ಸ್ಕೂಟರ್ ಗೇಟು ದಾಟಿತು. "ನಾಳೆ ಆಫೀಸಿಗೆ ಹೇಗೆ ಹೋಗ್ತೀರಿ? ಅವರನ್ನೇ ಡ್ರಾಪ್ ಕೇಳಿ" ಎಂದರು ಅಮ್ಮ. ಅಪ್ಪ ನಿಜಕ್ಕೂ ಕೇಳಿದರು.

ಇಂಥ ವಂಶದ ಕುಡಿಯಾದ ನಾನು ಕೆನಡಾದಲ್ಲಿ ಅಂಗಡಿ ಕೊಂಡು ನೆಲೆಸಲು ಹೊರಟದ್ದಕ್ಕೆ ಕಾರಣ ಕಿಟಕಿ ಪರದೆ. ನನ್ನ ಕಂಪನಿ ನನ್ನನ್ನು ಊರೂರಿಗೆ ಎತ್ತಿ ಹಾಕುತ್ತಿತ್ತು. ಮಸ್ಕತ್, ಜಕಾರ್ತಾ, ಲಾಗೋಸ್, ಎಲ್ಲಿಗೆ ಹೋದರೂ ನನ್ನ ಹೆಂಡತಿ ವಸುಧಾ ಹೊಸ ಮನೆಯ ಕಿಟಕಿಗಳಿಗೆ ಅಳತೆ ಕೊಟ್ಟು ಪರದೆ ಹೊಲಿಸಿ ನೇತುಹಾಕಿದ ವಾರದಲ್ಲೇ ವರ್ಗದ ಮೇಲ್ ಬರುತ್ತಿತ್ತು. ನೈರೋಬಿಗೆ ಬಂದಾಗ ಅವಳು ಬುದ್ಧಿ ಕಲಿತಿದ್ದಳು. ವೆಸ್ಟ್‌ಲ್ಯಾಂಡ್ಸ್‌ನ ನಮ್ಮ ಫ್ಲ್ಯಾಟಿನ ಕಿಟಕಿಗಳಿಗೆ ಹಳೆಯ ಸೀರೆ ಕಟ್ಟಿ ನಾಲ್ಕು ವರ್ಷ ನೆಮ್ಮದಿಯಾಗಿದ್ದಳು. ಬಿಸಿಲಿಗೆ ಸೀರೆ ಪಿಸಿದುಹೋಗಿ, ಇನ್ನು ಮರ್ಯಾದೆ ಉಳಿಯುವುದಿಲ್ಲ ಎಂದಾಗ ಪರದೆ ಹೊಲಿಸಿದಳು. ಮುಂದಿನ ಸೋಮವಾರ ಮೇಲ್ ಬಂತು. ಇಲ್ಲಿನ ಬ್ಯಾಂಕೊಂದರಲ್ಲಿ ಕಂಪನಿಯ ಪರವಾಗಿ ನಾನು ನೋಡಿಕೊಳ್ಳುತ್ತಿದ್ದ ಕಂಪ್ಯೂಟರ್ ಕೆಲಸ ವರ್ಷದ ಕೊನೆಗೆ ಮುಗಿಯುತ್ತದೆ, ಮುಂದಿನ ಜಾಗವನ್ನು ಆಮೇಲೆ ತಿಳಿಸಲಾಗುವುದು.

ಅವಳು ಅಳಲಿಲ್ಲ, ಪರದೆಯ ಅಂಚು ಹಿಡಿದು ನಿಂತಳು. "ಎಲ್ಲಿಗೆ ಅಂತ ಒಂದ್ಸಲನಾದ್ರೂ ನಾವೇ ಹೇಳೋಣ ರೀ. ಇವರು ತಳ್ಳಿದ ಕಡೆ ಹೋಗಿ ಹೋಗಿ ನಂಗೆ ಸಾಕಾಗಿಹೋಗಿದೆ" ಎಂದಳು. ಮದುವೆಯಾದ ಮೇಲೆ ಅವಳು ಕೇಳಿದ ದೊಡ್ಡ ವಸ್ತು ಇದೊಂದೇ.

ಕೆನಡಾದಲ್ಲಿ ನಡೆಯುತ್ತಿರುವ ವ್ಯಾಪಾರವೊಂದನ್ನು ಕೊಂಡು ನಡೆಸಿದರೆ ಅಲ್ಲೇ ಕಾಯಂ ಆಗಿ ನೆಲೆಸಬಹುದು ಎಂದು ಅವಳಿಗೆ ಯಾರೋ ಹೇಳಿದ್ದರು. ಮೈಸೂರಿನ ಸೈಟು ಮಾರಿದರೆ ಸಣ್ಣ ಊರಿನ ಸಣ್ಣ ಅಂಗಡಿ ಬರುತ್ತದೆ ಎಂದು ನೈರೋಬಿಯ ನಡುಪೇಟೆಯಾದ ಸಿಬಿಡಿಯ ವಲಸೆ ಸಲಹೆಗಾರನೊಬ್ಬ ಧೈರ್ಯ ಕೊಟ್ಟ. ನಾನು ಸಲಹೆ ಕೇಳಲು ಫೆಲಿಕ್ಸ್ ಪಿಂಟೋ ಅವರ ಬಳಿಗೆ ಓಡಿದೆ. ಪಿಂಟೋ ಮಂಗಳೂರಿನವರು, ಸಿಬಿಡಿಯಲ್ಲಿ ವಾಹನಗಳ ಬಿಡಿಭಾಗಗಳ ದೊಡ್ಡ ಅಂಗಡಿ ಇಟ್ಟವರು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಸ್ವಾಹಿಲಿ, ನನ್ನನ್ನು ಬೈಯಲು ಮಾತ್ರ ಕನ್ನಡ.

"ಎಂತ ಮಾರಾಯ್ರೆ!" ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ನಿಮಗೆ ವ್ಯಾಪಾರ ಗೊತ್ತುಂಟಾ? ಮೊನ್ನೆ ಮಾರ್ಕೆಟಿನಲ್ಲಿ ಆ ಹೆಂಗಸು ಟೊಮೆಟೊಗೆ ರೇಟು ಹೇಳಿದ್ರೆ, 'ಅಷ್ಟರಲ್ಲಿ ನಿಮಗೆ ಗಿಟ್ಟುತ್ತಾ' ಅಂತ ಕೇಳಿದ ಜನ ನೀವು! ಮೊದಲು ಇಲ್ಲೇ ಎಂತಾದ್ರೂ ಮಾರಿ ತೋರಿಸಿ, ನೋಡುವ."

ಹೀಗೆ ನಮ್ಮ ಮನೆಯಲ್ಲಿ ದೋಸೆ ಹಿಟ್ಟಿನ ವ್ಯಾಪಾರ ಶುರುವಾಯಿತು. ನೈರೋಬಿಯ ಕನ್ನಡದವರೆಲ್ಲ ವಸುಧಾಳ ದೋಸೆಗೆ ಮರುಳಾದವರೇ. ಶನಿವಾರ ಬೆಳಿಗ್ಗೆ ಸ್ಪ್ರಿಂಗ್ ವ್ಯಾಲಿ ಬಡಾವಣೆಯಿಂದ ಮೊದಲ ಗಿರಾಕಿ, ಬ್ಯಾಂಕಿನವರೊಬ್ಬರ ಹೆಂಡತಿ, ಡಬ್ಬಿ ಹಿಡಿದು ಬಂದರು. ಮೊದಲ ಸಲ ಮನೆಗೆ ಬಂದವರು, ಬಾಗಿಲಲ್ಲೇ ಹಿಟ್ಟು ಸುರಿದು ಕಳಿಸುವುದಕ್ಕಾಗುತ್ತದೆಯೇ? "ಒಂದೇ ಒಂದು ದೋಸೆ ತಿನ್ಕೊಂಡು ಹೋಗಿ" ಎಂದಳು ವಸುಧಾ. ಒಂದು ನಾಲ್ಕಾಯಿತು, ಕಾಫಿಯಾಯಿತು, ಅರಿಶಿನ ಕುಂಕುಮವಾಯಿತು, ರವಿಕೆ ಕಣವೂ ಆಯಿತು. ಅವರು ಪರ್ಸ್ ತೆಗೆದರು. ನಾನು ಹೆಂಡತಿಯ ಮುಖ ನೋಡಿದೆ, ಹೆಂಡತಿ ನನ್ನ ಮುಖ ನೋಡಿದಳು. "ಅಯ್ಯೋ, ಮನೆಗೆ ಬಂದೋರ ಹತ್ರ ದುಡ್ಡಾ? ಒಳಗಿಡ್ರೀ!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಮದುವೆಯಾದಾಗಿನಿಂದ ನಾವು ಅಷ್ಟು ಒಮ್ಮತದಿಂದ ಮಾತಾಡಿದ್ದೇ ಇಲ್ಲ.

ಬಿಟ್ಟಿ ಹಿಟ್ಟು ಒಯ್ದ ಸಂಕೋಚಕ್ಕೆ ಮರುವಾರ ಅವರು ರವೆ ಉಂಡೆ ತಂದರು, ಜೊತೆಗೆ ಮೂವರು ಗೆಳತಿಯರನ್ನೂ ತಂದರು. ಅವರ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದಲ್ಲ, ನಾವು ಚಕ್ಕುಲಿ ಹಾಕಿದೆವು. ತಿಂಗಳು ಕಳೆಯುವುದರೊಳಗೆ ಮನೆ ತುಂಬ ಊರಿನವರ ಡಬ್ಬಿಗಳು, ನಮ್ಮ ಡಬ್ಬಿಗಳು ಯಾರ ಮನೆಯಲ್ಲೋ. ಮೊದಲ ವಾರ ಕೊಟ್ಟ ನೇರಳೆ ಬಣ್ಣದ ರವಿಕೆ ಕಣ ಎಷ್ಟೋ ಮನೆ ಸುತ್ತಿ ನಮ್ಮಲ್ಲಿಗೇ ಬಂತು. ಆ ವ್ಯಾಪಾರದಲ್ಲಿ ಹೂಡಿದ ಬಂಡವಾಳ ವಾಪಸ್ ಬಂದದ್ದು ಅದೊಂದೇ. ಉದ್ದಿನ ಬೇಳೆ ಮಾರುವ ಅಂಗಡಿಯವನು ಮಾತ್ರ ನನ್ನನ್ನು ಕಂಡಾಗಲೆಲ್ಲ ಎದೆ ತುಂಬಿ ಅಸಾಂಟೆ ಎಂದು ಸ್ವಾಹಿಲಿಯಲ್ಲಿ ಧನ್ಯವಾದ ಹೇಳುತ್ತಿದ್ದ.

ಆದರೂ ಕೆನಡಾದ ಆಸೆ ಬಿಡಲಿಲ್ಲ. ಸಲಹೆಗಾರ ಮಾರಾಟಕ್ಕಿರುವ ವ್ಯಾಪಾರಗಳನ್ನು ಒಂದೊಂದಾಗಿ ತೋರಿಸಿದ. ಮೊದಲನೆಯದು ಮೀನು ಹಿಡಿಯುವವರಿಗೆ ಜೀವಂತ ಎರೆಹುಳ ಮಾರುವ ಅಂಗಡಿ. "ಎರೆಹುಳ ಮಾರಿದ ದುಡ್ಡಲ್ಲಿ ಗಣೇಶನ ಹಬ್ಬ ಮಾಡೋಕಾಗುತ್ತಾ?" ಎಂದು ವಸುಧಾ ತಳ್ಳಿಹಾಕಿದಳು. ಎರಡನೆಯದು ಹಿಮ ಬೀಳುವ ಪುಟ್ಟ ಊರಿನ ಡೋನಟ್ ಅಂಗಡಿ. ಅವಳ ಕಣ್ಣು ಹೊಳೆಯಿತು. "ಇದಾಗುತ್ತೆ. ತೂತಿರೋದು ಯಾವುದಾದ್ರೂ ನಾನು ಕರೀತೀನಿ" ಎಂದಳು.

ಅಂಗಡಿಯ ಯಜಮಾನರಾದ ವಾಲ್ಟರ್ ಎಂಬ ಹಿರಿಯರ ಜೊತೆ ವೀಡಿಯೊ ಕರೆ ನಿಗದಿಯಾಯಿತು. ನಮ್ಮಲ್ಲಿ ಸಂಜೆ, ಅವರಲ್ಲಿ ಬೆಳಿಗ್ಗೆ. ಪಿಂಟೋ ಖುದ್ದಾಗಿ ಬಂದು ಕ್ಯಾಮೆರಾಗೆ ಕಾಣದ ಹಾಗೆ ಪಕ್ಕದಲ್ಲಿ ಕುಳಿತರು. "ಅವರು ರೇಟು ಹೇಳಿದ ಕೂಡ್ಲೇ ಮುಖ ಹುಳಿ ಮಾಡಿ. ಬೇರೆ ಎಂತದೂ ಮಾತಾಡ್ಲಿಕ್ಕಿಲ್ಲ" ಎಂದು ಪಾಠ ಹೇಳಿದರು. ಒಂದೆರಡು ಸಲ ಮುಖ ಹುಳಿ ಮಾಡಿಯೂ ತೋರಿಸಿದರು.

ಕಂಪ್ಯೂಟರಿನಲ್ಲಿ ವಾಲ್ಟರ್ ಅವರ ದಣಿದ ಮುಖ ಕಂಡದ್ದೇ ನನ್ನ ಬಾಯಿಂದ ಬಂದ ಮೊದಲ ಮಾತು, "ತಿಂಡಿ ಆಯಿತೇ?" ಇಂಗ್ಲಿಷಿನಲ್ಲೇ ಕೇಳಿದೆ. ಪಿಂಟೋ ಹಣೆ ಚಚ್ಚಿಕೊಂಡರು. ವಾಲ್ಟರ್ ಮಾತ್ರ, ಇಲ್ಲ, ಮಂಡಿ ನೋವಿಗೆ ಮಾತ್ರೆ ನುಂಗಿದೆ, ಇನ್ನೂ ಏನೂ ತಿಂದಿಲ್ಲ ಎಂದರು. ಮಂಡಿ ಎಂದದ್ದೇ ತಡ, ವಸುಧಾ ಅಡುಗೆಮನೆಯಿಂದ ಧಾವಿಸಿ ಬಂದು ನನ್ನನ್ನು ಅರ್ಧ ಕುರ್ಚಿಗೆ ತಳ್ಳಿ ಕುಳಿತಳು. ಎಳ್ಳೆಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸುವ ವಿಧಾನ ಹೇಳಿದಳು. ಅವರ ಹೆಂಡತಿ ಡೋರಿಸ್ ಬಂದು ಬರೆದುಕೊಂಡರು. ಅಂಗಡಿ ಮಾರಿದ ಮೇಲೆ ಬೆಳಗಿನ ಹೊತ್ತು ಏನು ಮಾಡುತ್ತೀರಿ ಎಂದು ನಾನು ಕೇಳಿದೆ. ಮನೆಯಲ್ಲಿ ಕೂರುತ್ತೇನೆ ಎಂದರು ವಾಲ್ಟರ್. "ಅಯ್ಯೋ, ದಿನಾ ನಿಮ್ಮಲ್ಲಿ ಬಂದು ಕಾಫಿ ಕುಡಿಯುವ ಗೆಳೆಯರೆಲ್ಲ ಎಲ್ಲಿ ಹೋಗಬೇಕು?" ಎಂದೆ. ಅವರು ತಿರುಗಿ ಡೋರಿಸ್ ಅವರ ಮುಖ ನೋಡಿದರು. ಬೆಲೆಯ ವಿಷಯ ಬರಲೇ ಇಲ್ಲ. ಕರೆ ಮುಗಿಸುವಾಗ, ಈ ಕಡೆ ಬಂದರೆ ನಮ್ಮ ಮನೆಗೇ ಬರಬೇಕು ಎಂದೂ ಹೇಳಿದೆ. ಹಾಗೆ ನಾವು ಎಲ್ಲರಿಗೂ ಹೇಳುತ್ತೇವೆ, ಪುಣ್ಯಕ್ಕೆ ಯಾರೂ ಬರುವುದಿಲ್ಲ.

ಕೆಲವು ದಿನಗಳಲ್ಲಿ ವಾಲ್ಟರ್ ಬರೆದರು. ಮಂಡಿ ಎಷ್ಟೋ ವಾಸಿ. ಡೋನಟ್‌ಗಳಿಗೆ ತುಸು ಬೆಳ್ಳುಳ್ಳಿ ವಾಸನೆ ಬರುತ್ತಿದೆ, ಆದರೆ ಗಿರಾಕಿಗಳು ಒಗ್ಗಿಕೊಂಡಿದ್ದಾರೆ. ನಿಮ್ಮ ಮಾತಿನಿಂದ ಕಣ್ಣು ತೆರೆಯಿತು, ಅಂಗಡಿ ಮಾರುವುದಿಲ್ಲ.

"ಸುಮಾರು ವ್ಯಾಪಾರ ಕೆಟ್ಟದ್ದು ನಾನು ನೋಡಿದ್ದೇನೆ" ಎಂದರು ಪಿಂಟೋ. "ಕೊಳ್ಳುವವನೇ ಮಾರುವವನಿಗೆ ಬುದ್ಧಿ ಹೇಳಿ ಕೆಡಿಸಿದ್ದು ಇದೇ ಫಸ್ಟ್." ವಸುಧಾ ನನ್ನನ್ನು ಬೈಯಲಿಲ್ಲ. "ನೀವು ಅವರಿಗೆ ಹೇಳಿದ್ದು ಸರೀನೇ. ಆದ್ರೆ ನಾವು?" ಎಂದಷ್ಟೇ ಹೇಳಿ ಹೊಸ ಪರದೆಗಳನ್ನು ಬಿಚ್ಚಿ ಮಡಿಚತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಈ ದುಃಖದ ನಡುವೆ ವಾಲ್ಟರ್ ದಂಪತಿ ಬಂದಿಳಿದರು. ಸಿಂಹ ನೋಡುವ ಆಸೆ ಅವರಿಗೆ ಮೊದಲಿನಿಂದಲೂ ಇತ್ತಂತೆ, ಮನೆಗೇ ಬರಬೇಕೆಂದು ನಾನು ಹೇಳಿದ್ದನ್ನು ಪಾಪ ಪೂರ್ತಿ ನಂಬಿದ್ದರು. ಕೆನಡಾಕ್ಕೆ ಹೊರಟ ನಾವು ವೆಸ್ಟ್‌ಲ್ಯಾಂಡ್ಸ್‌ನಲ್ಲೇ ಉಳಿದೆವು, ಕೆನಡಾ ಬಂದು ನಮ್ಮ ಮಂಚದ ಮೇಲೆ ಮಲಗಿತು. ನಾವು ನಡುಮನೆಯ ನೆಲದ ಮೇಲೆ ಮಲಗಿದೆವು. ಸಿಂಹವನ್ನು ಒಂದೇ ದಿನದಲ್ಲಿ ನೋಡಿ ಮುಗಿಸಿದ ವಾಲ್ಟರ್, ಉಳಿದ ದಿನಗಳನ್ನು ವಸುಧಾಳ ಅಡುಗೆಮನೆಯಲ್ಲಿ ಉದ್ದಿನ ವಡೆ ಕರಿಯುವುದನ್ನು ಕಲಿಯುತ್ತ ಕಳೆದರು. ಮನೆಯ ಕೆಳಗೆ ಬಾಡಿಗೆ ಮಿನಿಬಸ್ಸುಗಳಾದ ಮಟಾಟುಗಳ ಹಾರನ್ ಜೋರಾದಾಗಲೆಲ್ಲ ಡೋರಿಸ್ ಕಿಟಕಿಗೆ ಹೋಗಿ ಕೈ ಬೀಸುತ್ತಿದ್ದರು. ತಮ್ಮನ್ನೇ ಕರೆಯುತ್ತಿದ್ದಾರೆ ಎಂದುಕೊಂಡಿದ್ದರೋ ಏನೋ.

ಅವರು ಹೊರಟ ದಿನ ಪಿಂಟೋ ವಿಮಾನ ನಿಲ್ದಾಣಕ್ಕೆ ಬಿಡಲು ಡ್ರೈವರ್ ಸಮೇತ ತಮ್ಮ ಕಾರು ತಂದಿದ್ದರು. ಬಾಗಿಲಲ್ಲಿ ಡೋರಿಸ್ ಡಾಲರುಗಳಿದ್ದ ಲಕೋಟೆಯೊಂದನ್ನು ಚಾಚಿದರು. ಪಿಂಟೋ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ನಾನು ತುಟಿ ಕಚ್ಚಿ, ಕೈ ಬೆನ್ನ ಹಿಂದೆ ಕಟ್ಟಿ, ಈ ಸಲ ಸುಮ್ಮನಿದ್ದೆ. ವಸುಧಾ ಆ ಲಕೋಟೆಯನ್ನು ಡೋರಿಸ್ ಅವರ ಕೈಚೀಲಕ್ಕೇ ತುರುಕಿ, ಕುಂಕುಮವಿಟ್ಟು, ಮೇಲೆ ಆ ನೇರಳೆ ರವಿಕೆ ಕಣವನ್ನಿಟ್ಟು ಕಳಿಸಿದಳು. ಕಾರು ತಿರುವಿನಲ್ಲಿ ಮರೆಯಾದದ್ದೇ ನನ್ನ ಕಡೆ ತಿರುಗಿ, "ನಾನೇನೋ ಹೆಂಗಸು. ನೀವಾದ್ರೂ ತಗೋಬಾರ್ದಿತ್ತಾ?" ಎಂದಳು.

ಪಿಂಟೋ ಸೋತವರಂತೆ ಸೋಫಾದ ಮೇಲೆ ಕುಳಿತರು. ಬಹಳ ಹೊತ್ತು ಪರದೆಯಿಲ್ಲದ ಕಿಟಕಿ ನೋಡಿದರು. "ನೀವು ಎಲ್ಲಿಗೂ ಹೋಗ್ಬೇಡಿ ಮಾರಾಯ್ರೆ, ಅಲ್ಲಿಯ ಜನ ನಿಮ್ಮನ್ನು ತಿಂದು ನೀರು ಕುಡೀತಾರೆ" ಎಂದರು. "ನನ್ನ ಅಂಗಡಿಯ ಕಂಪ್ಯೂಟರ್ ನೋಡ್ಲಿಕ್ಕೆ ನಂಬಿಕೆಯ ಜನ ಬೇಕು. ಇಲ್ಲಿ ಕೆಲಸ ಮಾಡ್ಲಿಕ್ಕೆ ಪರ್ಮಿಟ್ಟು ನಾನು ಮಾಡಿಸ್ತೇನೆ. ಒಂದೇ ಶರತ್ತು, ಕೌಂಟರಿನ ಹತ್ತಿರ ನೀವು ಬರ್ಲಿಕ್ಕಿಲ್ಲ. ಸಂಬಳ ಎಷ್ಟು ಬೇಕು ಹೇಳಿ."

ನಾನು ವಸುಧಾಳ ಕಡೆ ನೋಡಿದೆ. "ಇಲ್ಲೇ ಇರೋಣ. ಇದು ನಾನು ಹೇಳಿದ್ದು" ಎಂದಳು. ಅವಳ ಮುಖ ಅಷ್ಟು ಹಗುರವಾದದ್ದನ್ನು ನಾನು ಕಂಡೇ ಇರಲಿಲ್ಲ. "ನಿಮ್ಮ ಹತ್ತಿರ ಹೇಗೆ ಕೇಳೋದು ಪಿಂಟೋ ಅವರೇ, ನಿಮಗೆ ತೋಚಿದ್ದು..." ಎಂದು ಶುರು ಮಾಡಿದೆ.

"ನೀವು ಸುಮ್ನಿರಿ!" ಎಂದು ವಸುಧಾ ಮುಂದೆ ಬಂದು ಒಂದು ಅಂಕಿ ಹೇಳಿದಳು. ಪಿಂಟೋ ನಮಗೆ ಕಲಿಸಿದ ಹುಳಿ ಮುಖವನ್ನು ತಾವೇ ಮಾಡಿದರು. ಅವಳು ಜಗ್ಗಲಿಲ್ಲ. ಅವರು ಎದ್ದು ಬಾಗಿಲ ತನಕ ಹೋದರು, ಅವಳು ಚಪ್ಪಲಿ ಸರಿಮಾಡಿ ಕೊಟ್ಟಳು. ಅವರು ವಾಪಸ್ ಬಂದು ಕುಳಿತು, ಬೆವರು ಒರೆಸಿಕೊಂಡು ಒಪ್ಪಿದರು.

ನಮ್ಮ ವಂಶದ ಚರಿತ್ರೆಯಲ್ಲಿ ಮೊದಲ ಬಾರಿಗೆ ಒಂದು ಹಳೆಯ ವಸ್ತು ಒಳ್ಳೆಯ ಬೆಲೆಗೆ ಹೋಯಿತು. ಮಾರಿದವಳು ವಸುಧಾ, ಹೋದ ವಸ್ತು ನಾನು. ಪಿಂಟೋ ಹೊರಡುವಾಗ ಅವಳು ಒಳಗಿನಿಂದ ಎರಡು ತೆಂಗಿನಕಾಯಿ ತಂದು ಅವರ ಕೈಗಿತ್ತಳು.